ನೀರಿದ್ದಷ್ಟೇ ದೂರ: ಒಮಾನಿನ ಮರಳುಗಾಡಿನಲ್ಲಿ ದಾರಿ ಬಿಟ್ಟು ನಡೆಯುವವರಿಗೆ

ಗಲ್ಫಿಗೆ ಹೋದವರು ಒಬ್ಬರೂ ಇಲ್ಲದ ಮನೆ ಕಾಸರಗೋಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ: "ಭಾವ ಮಸ್ಕತ್‌ನಲ್ಲಿದ್ದಾರೆ, ರಜೆಗೆ ಹೋಗುತ್ತಿದ್ದೇನೆ. ಗಾಡಿಯಲ್ಲಿ ಮರಳು ಹಾರಿಸುವ ಆಟ ಬೇಡ, ನಡೆದೇ ಮರಳುಗಾಡು ನೋಡಬೇಕು. ಹೇಗೆ ಹೋಗುವುದು?" ಕೇಳುವವರಲ್ಲಿ ರಾಣಿಪುರಂ, ಪೊಸಡಿಗುಂಪೆ, ಕುಮಾರಪರ್ವತ ಹತ್ತಿ ಇಳಿದವರೇ ಜಾಸ್ತಿ. ಅವರ ಕಾಲಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಘಟ್ಟದಲ್ಲಿ ತೊರೆ ಸಿಗುತ್ತದೆ, ಕಾಲುದಾರಿ ಸಿಗುತ್ತದೆ, ಕೊನೆಗೆ ಯಾರದಾದರೂ ತೋಟ ಸಿಗುತ್ತದೆ. ಮರಳಿನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಎಷ್ಟು ದೂರ ಹೋಗಬಹುದು, ಎಷ್ಟು ದಿನ ಇರಬಹುದು, ಎಲ್ಲಿಂದ ಹಿಂದಿರುಗಬೇಕು ಎಂಬುದೆಲ್ಲ ಬೆನ್ನ ಮೇಲಿನ ನೀರಿನಿಂದಲೇ ತೀರ್ಮಾನವಾಗುತ್ತದೆ. ಕೆಳಗಿನ ಹಂತಗಳನ್ನೆಲ್ಲ ಆ ಲೆಕ್ಕ ಇಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ಜಾಗ ಮತ್ತು ಕಾಲ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಮಾನಿನ ಶರ್ಕಿಯಾ ಮರಳುಗಾಡು. ಹಳಬರ ಬಾಯಲ್ಲಿ ಅದು ಇನ್ನೂ ವಹೀಬಾ. ಮಸ್ಕತ್‌ನಿಂದ ಗಾಡಿಯಲ್ಲಿ ಸುಮಾರು ಮೂರು ಗಂಟೆ. ಉತ್ತರದ ಅಂಚಿನಲ್ಲಿ ಬಿದಿಯಾ, ಅಲ್ ವಾಸಿಲ್ ಎಂಬ ಊರುಗಳಿವೆ, ಹೆಚ್ಚಿನವರು ಒಳಗೆ ಹೋಗುವುದು ಅಲ್ಲಿಂದ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿಲೋಮೀಟರ್, ಪೂರ್ವ–ಪಶ್ಚಿಮವಾಗಿ ಸುಮಾರು 80. ಒಟ್ಟು 12,500 ಚದರ ಕಿಲೋಮೀಟರ್, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯಂಥ ಆರು ಜಿಲ್ಲೆ ಹಿಡಿಸುವಷ್ಟು ಜಾಗ. ಪೂರ್ತಿ ದಾಟುವ ಆಸೆ ಸದ್ಯಕ್ಕೆ ಬಿಡಿ.

ಜೂನ್‌ನಲ್ಲಿ ನಮಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿ ಮಳೆಯಿಲ್ಲದೆ ಬೀಸುತ್ತದೆ. ಸಾವಿರಾರು ವರ್ಷ ಹಾಗೆ ಬೀಸಿ ಬೀಸಿ ಉತ್ತರ ಭಾಗದ ಮರಳನ್ನು ಉದ್ದುದ್ದ ಸಾಲುಗುಡ್ಡ ಮಾಡಿದೆ. ಎತ್ತರ 100 ಮೀಟರ್‌ವರೆಗೂ ಇದೆ. ಸಾಲುಗಳು ಉತ್ತರ–ದಕ್ಷಿಣವಾಗಿ ಓಡುತ್ತವೆ, ಎರಡು ಸಾಲಿನ ನಡುವೆ ಅಗಲವಾದ ತಗ್ಗು. ನಡೆಯುವವರು ಇದನ್ನು ಚೆನ್ನಾಗಿ ತಿಳಿದುಕೊಂಡಿರಬೇಕು. ತಗ್ಗು ಹಿಡಿದು ಉತ್ತರಕ್ಕೋ ದಕ್ಷಿಣಕ್ಕೋ ಹೋದರೆ ಸುಲಭ. ಪೂರ್ವಕ್ಕೋ ಪಶ್ಚಿಮಕ್ಕೋ ಹೊರಟಿರೋ, ಒಂದೊಂದು ಸಾಲನ್ನೂ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ ಐದು ಕಿಲೋಮೀಟರ್ ಕಂಡದ್ದು ಅರ್ಧ ದಿನ ತಿನ್ನುತ್ತದೆ.

ಹೋಗುವುದಾದರೆ ನವೆಂಬರ್ ಮಧ್ಯದಿಂದ ಮಾರ್ಚ್ ಮೊದಲ ವಾರದೊಳಗೆ. ಡಿಸೆಂಬರ್–ಜನವರಿಯಲ್ಲಿ ಹಗಲು ಸುಮಾರು 25 ಡಿಗ್ರಿ, ರಾತ್ರಿ 15ರ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಬೇಸಗೆಯಲ್ಲಿ 45 ದಾಟುತ್ತದೆ. ಶಾಲೆಗೆ ರಜೆ ಎಂದು ಏಪ್ರಿಲ್–ಮೇಯಲ್ಲಿ ಹೊರಡುವವರಿಗೆ ಈ ಲೇಖನ ಅಲ್ಲವೇ ಅಲ್ಲ.

ರಾಜಸ್ಥಾನ ಸಾಕಲ್ವಾ, ಪಾಸ್‌ಪೋರ್ಟೂ ಬೇಡ ಎಂದು ಕೇಳುವವರಿದ್ದಾರೆ. ಜೈಸಲ್ಮೇರ್ ಹತ್ತಿರದ ಸಮ್ ದಿಬ್ಬಗಳು ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಅಲ್ಲಿ ಸಂತೆಯಷ್ಟು ಜನ, ಇನ್ನೂ ಪಶ್ಚಿಮಕ್ಕೆ ಗಡಿಯ ಕಡೆ ಹೋಗಬೇಕಾದರೆ ಅನುಮತಿ ಬೇಕು.

ಹಂತ 2: ನೀರಿನ ಲೆಕ್ಕ

ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೇಸಗೆಯಲ್ಲಿ ಸಣ್ಣಗಾದಾಗ ಕೊಡಪಾನ ಎಣಿಸಿ ಬಳಸಿದವರಿಗೆ ಈ ಹಂತ ಬೇಗ ಅರ್ಥವಾಗುತ್ತದೆ.

ಚಳಿಗಾಲದಲ್ಲೂ ನಡೆಯುವ ದಿನ ಒಬ್ಬರಿಗೆ ಕುಡಿಯಲು 5 ಲೀಟರ್ ಬೇಕು. ಅಡುಗೆ, ಬಾಯಿ ತೊಳೆಯುವುದು ಎಲ್ಲ ಸೇರಿ ಇನ್ನೊಂದು. ದಿನಕ್ಕೆ 6 ಲೀಟರ್ ಎಂದರೆ 6 ಕಿಲೋ. ಮೂರು ದಿನಕ್ಕೆ 18 ಕಿಲೋ ನೀರು, ಅದರ ಮೇಲೆ ಹಾಸಿಗೆ, ಡೇರೆ, ಊಟ ಸೇರಿ ಎಂಟು ಹತ್ತು ಕಿಲೋ. ಇಷ್ಟು ಹೊತ್ತು ಸಡಿಲ ಮರಳಿನಲ್ಲಿ ನಡೆಯಲು ಆಗುವುದಿಲ್ಲ. ನಡೆದರೂ ಬೆವರು ಜಾಸ್ತಿಯಾಗಿ ಇನ್ನಷ್ಟು ನೀರು ಬೇಕಾಗುತ್ತದೆ. ಆದ್ದರಿಂದ ಸ್ವಂತ ಬೆನ್ನಿನ ಮೇಲೆ ಹೊತ್ತು ಹೋಗುವವರಿಗೆ ಎರಡು ಹಗಲು, ಒಂದು ರಾತ್ರಿ, 12 ಲೀಟರ್. ಅಷ್ಟೇ ಮಿತಿ. ಅದಕ್ಕಿಂತ ಜಾಸ್ತಿ ಬೇಕೆಂದರೆ ಗಾಡಿಯವರು ಮೊದಲೇ ಹೋಗಿ ದಾರಿಯಲ್ಲಿ ನೀರು ಇಟ್ಟು ಬರಬೇಕು, ಇಲ್ಲವೇ ಪ್ರತಿ ಸಂಜೆ ಬಂದು ಸೇರಬೇಕು.

ಹೊರುವ 12 ಲೀಟರನ್ನು ಮೂರು ಪಾಲು ಮಾಡಿ. ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಇಡಲು. ಮೊದಲ 4 ಲೀಟರ್ ಮುಗಿದ ಜಾಗದಿಂದ ಹಿಂದಿರುಗಬೇಕು, ಮುಂದಿನ ದಿಬ್ಬ ಎಷ್ಟೇ ಚೆಂದ ಕಂಡರೂ ಸರಿ. ಗುಂಪಿನಲ್ಲಿ ಒಬ್ಬರ ಪಾಲು ಮುಗಿದರೆ ಎಲ್ಲರ ಪಾಲೂ ಮುಗಿದ ಲೆಕ್ಕ. ಇದನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿರಬೇಕು, ಅಲ್ಲಿ ಹೋಗಿ ಚರ್ಚೆ ಮಾಡಬೇಡಿ.

ಎಲ್ಲರೂ ಎಡವುವ ಜಾಗಗಳು ಕೆಲವಿವೆ.

ನೀರನ್ನು ಒಂದೇ ದೊಡ್ಡ ಚೀಲದಲ್ಲಿ ತುಂಬುವುದು. ಕೊಳವೆ ಇರುವ ಆ ಚೀಲ ಒಂದು ಮುಳ್ಳು ಚುಚ್ಚಿದರೆ ಖಾಲಿ. ಅಂಗಡಿಯ ಒಂದೂವರೆ ಲೀಟರ್ ಬಾಟಲಿ ಎಂಟು ತೆಗೆದುಕೊಳ್ಳಿ. ಎಷ್ಟು ಉಳಿದಿದೆ ಎಂದು ಕಣ್ಣಿಗೂ ಕಾಣುತ್ತದೆ.

ಗುಟುಕು ಗುಟುಕಾಗಿ ಉಳಿಸುವುದು. ಬಾಯಾರಿದಾಗ ಕುಡಿಯಿರಿ. ಬಾಟಲಿಯಲ್ಲಿ ನೀರು ಉಳಿಸಿಕೊಂಡು ತಲೆ ತಿರುಗಿ ಬಿದ್ದರೆ ಏನು ಬಂತು? ಕಡಿಮೆ ಮಾಡಬೇಕಾದದ್ದು ನಡಿಗೆಯನ್ನು, ಬಿಸಿಲನ್ನು.

ಬೆವರು ಕಾಣದೆ ಮೋಸ ಹೋಗುವುದು. ನಮ್ಮ ಕರಾವಳಿಯವರಿಗೆ ಇದು ಹೊಸದು. ಇಲ್ಲಿ ಬೆವರಿದರೆ ಅಂಗಿ ಮೈಗೆ ಅಂಟುತ್ತದೆ, ಗೊತ್ತಾಗುತ್ತದೆ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿ ಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಕಿವಿಯ ಹಿಂದೆ ಮುಟ್ಟಿದರೆ ಉಪ್ಪಿನ ಪುಡಿ ಕೈಗೆ ಬರುತ್ತದೆ. ಮೂತ್ರದ ಬಣ್ಣ ನೋಡುವುದೇ ಸರಿಯಾದ ಅಳತೆ. ಗಾಢ ಹಳದಿಯಾದರೆ ನಿಲ್ಲಿ, ಕುಡಿಯಿರಿ.

ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುವುದೂ ತಪ್ಪು. ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ. ದಿನಕ್ಕೆ ಒಂದೆರಡು ಲೀಟರಿಗೆ ಓಆರ್‌ಎಸ್ ಪುಡಿ ಹಾಕಿ. ಪುಡಿ ಇಲ್ಲವೆಂದರೆ ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಸಮ ಮಾಡಿ ಅಳೆಯಬೇಕು.

ಹಂತ 3: ಜೊತೆ, ಕಾಗದ, ಫೋನು

ಒಬ್ಬರೇ ಹೋಗಬೇಡಿ. 1930–31ರಲ್ಲಿ ಅರೇಬಿಯಾದ ದೊಡ್ಡ ಮರಳುಗಾಡು ರುಬ್ ಅಲ್ ಖಾಲಿಯನ್ನು ದಾಟಿದ ಬ್ರಿಟಿಷ್ ಯಾತ್ರಿಕ ಬರ್ಟ್ರಮ್ ಥಾಮಸ್ ಆಗಲಿ, 1940ರ ದಶಕದಲ್ಲಿ ಅದನ್ನು ಎರಡು ಸಲ ದಾಟಿದ ವಿಲ್ಫ್ರೆಡ್ ಥೆಸಿಗರ್ ಆಗಲಿ ಒಂಟಿಯಾಗಿ ಹೋದವರಲ್ಲ. ದಾರಿ ಗೊತ್ತಿದ್ದ ಬೆದೂಯಿನ್ ಜನ, ಅಂದರೆ ಮರಳುಗಾಡಿನ ಅಲೆಮಾರಿಗಳು, ಜೊತೆಗಿದ್ದರು, ನೀರು ಹೊರಲು ಒಂಟೆಗಳಿದ್ದವು. ನಿಮಗೂ ಅದೇ ಬೇಕು: ಮೂರು ನಾಲ್ಕು ಜನರ ಗುಂಪು, ಸ್ಥಳೀಯ ಮಾರ್ಗದರ್ಶಿ ಒಬ್ಬರು, ಅಂಚಿನಲ್ಲಿ ಕಾಯುವ ಫೋರ್ ವೀಲ್ ಗಾಡಿ. ಮಾರ್ಗದರ್ಶಿಯ ಹತ್ತಿರ ಮೊದಲೇ ಸ್ಪಷ್ಟವಾಗಿ ಹೇಳಿ, ನಮಗೆ ನಡೆಯಬೇಕು, ಗಾಡಿ ಓಡಿಸುವುದು ಬೇಡ ಎಂದು. ಇಲ್ಲವಾದರೆ ಕ್ಯಾಂಪಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ ಒಂಟೆ ಹತ್ತಿಸಿ ಕಳಿಸುತ್ತಾರೆ. ಭಾಷೆಯ ಚಿಂತೆ ಬೇಡ. ಊರಿನ ಅಂಗಡಿಗಳಲ್ಲಿ ನಿಮ್ಮ ಮಲಯಾಳವೇ ಧಾರಾಳ ಸಾಕು.

ಒಳಗೆ ಹೋದಂತೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬೇಕಾದರೆ ಮಾರ್ಗದರ್ಶಿಯ ಕಡೆಯಿಂದಲೇ ವ್ಯವಸ್ಥೆ ಮಾಡಿಸಿ. ಖರೀದಿಸಿ ಊರಿಗೆ ತರಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಬ್ಯಾಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ಚಾರಣಕ್ಕೆ ತಂದದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಎಲ್ಲಿ ಒಳಗೆ ಹೋಗುತ್ತೀರಿ, ಎಲ್ಲಿ ಹೊರಬರುತ್ತೀರಿ, ಯಾವ ದಿನ ಎಷ್ಟು ಗಂಟೆಯೊಳಗೆ ಎಂದು ಕಾಗದದಲ್ಲಿ ಬರೆದು ಭಾವನ ಕೈಗೆ ಕೊಡಿ. ಆ ಹೊತ್ತು ದಾಟಿ ಫೋನ್ ಬರದಿದ್ದರೆ ಅವರು ಒಮಾನ್ ಪೊಲೀಸರ ತುರ್ತು ಸಂಖ್ಯೆ 9999ಕ್ಕೆ ಕರೆ ಮಾಡಬೇಕು.

ಹಂತ 4: ಊರಲ್ಲೇ ತಯಾರಿ

ಕಣ್ವತೀರ್ಥಕ್ಕೋ ಬೇಕಲಕ್ಕೋ ಹೋಗಿ. ಅಲೆ ಬಂದು ಹೋಗುವ ಒದ್ದೆ ಹೊಯಿಗೆಯಲ್ಲಿ ನಡೆಯಬೇಡಿ, ಅದು ರಸ್ತೆ ಇದ್ದ ಹಾಗೆ. ಮೇಲೆ, ಬಳ್ಳಿ ಹಬ್ಬಿರುವ ಕಡೆಯ ಒಣ ಹೊಯಿಗೆಯಲ್ಲಿ 12 ಲೀಟರ್ ನೀರು ಹೊತ್ತು ನಡೆಯಿರಿ. ವಾರಕ್ಕೆ ಮೂರು ಸಲ, ಒಂದೂವರೆ ತಿಂಗಳು ಮಾಡಿದರೆ ಸಾಕು. ಮೊದಲು ನೋಯುವುದು ಕಾಲಿನ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ನರ. ಆ ನೋವು ಅಲ್ಲಿ ಬರುವುದಕ್ಕಿಂತ ಇಲ್ಲಿ ಬರಲಿ.

ಹಂತ 5: ಚೀಲದೊಳಗೆ

ಬಟ್ಟೆ ಸಡಿಲ ಹತ್ತಿಯದು, ತೋಳು ಪೂರ್ತಿ. ಎರಡು ಬೈರಾಸು (ತೆಳು ಟವೆಲ್), ಒಂದು ತಲೆಗೆ, ಒಂದು ಒದ್ದೆ ಮಾಡಲು. ರಾತ್ರಿಗೆ ದಪ್ಪ ಸ್ವೆಟರ್. ಬಿಸಿಲಿನ ಕನ್ನಡಕ, ತುಟಿಗೆ ಹಚ್ಚುವ ಮೇಣ, ತಲೆಗೆ ಕಟ್ಟುವ ಟಾರ್ಚ್.

ಶೂಗಳಿಗೆ ಜಾಲಿ ಬಟ್ಟೆ ಇರಬಾರದು, ಮರಳು ಹಿಟ್ಟಿನ ಹಾಗೆ ಒಳಗೆ ಬರುತ್ತದೆ. ಶೂ ಬಾಯಿಯಿಂದ ಕಣಕಾಲಿನವರೆಗೆ ಮುಚ್ಚುವ ಬಟ್ಟೆಯ ಪಟ್ಟಿ ಸಿಗುತ್ತದೆ, ಅದು ಅಗತ್ಯ. ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಶೂ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆಗೆ ಮರಳು ಅಂಟಿ ಬೆರಳ ಸಂದಿಯಲ್ಲಿ ಉಜ್ಜಿ ಉಜ್ಜಿ ಮಧ್ಯಾಹ್ನದೊಳಗೆ ಚರ್ಮ ಸುಲಿಯುತ್ತದೆ. ಉಜ್ಜುವ ಜಾಗಕ್ಕೆ ಮೊದಲೇ ಬಟ್ಟೆಯ ಟೇಪ್ ಅಂಟಿಸಿ. ಬೆಳಗಿನ ತಣ್ಣಗಿನ ಮರಳಿನಲ್ಲಿ ಬರಿಗಾಲಲ್ಲಿ ನಡೆಯುವುದು ಬಹಳ ಹಿತ. ಒಂಬತ್ತು ಗಂಟೆ ನಂತರ, ಮತ್ತು ಗಿಡಗಳ ಹತ್ತಿರ, ಶೂ ಹಾಕಿಕೊಳ್ಳಿ.

ಊಟಕ್ಕೆ ಅವಲಕ್ಕಿ, ಬೆಲ್ಲ, ಹುರಿಗಡಲೆ, ನೇಂದ್ರ ಚಿಪ್ಸ್, ಅಲ್ಲೇ ಸಿಗುವ ಖರ್ಜೂರ. ರಾತ್ರಿ ಬಿಸಿ ಬೇಕೆಂದರೆ ಗಂಜಿ. ಬೇಯಿಸಿದ ನೀರೂ ಹೊಟ್ಟೆಗೇ ಹೋಗುತ್ತದೆ, ಚೆಲ್ಲುವುದಿಲ್ಲ. ಆದರೆ ಕುಚ್ಚಲಕ್ಕಿ ಕೊಂಡುಹೋಗಬೇಡಿ, ಅದು ಬೇಯುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ನುಚ್ಚಕ್ಕಿ ಸಾಕು, ಜೊತೆಗೆ ಒಂದಿಷ್ಟು ಮಾವಿನ ಮಿಡಿ ಉಪ್ಪಿನಕಾಯಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಮಸ್ಕತ್‌ನಲ್ಲಿ ಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಹಂತ 6: ಮರಳಿನಲ್ಲಿ ನಡೆಯುವ ರೀತಿ

ಪ್ರತಿ ದಿಬ್ಬಕ್ಕೂ ಎರಡು ಮೈ. ಗಾಳಿ ಬರುವ ಕಡೆಯ ಮೈ ಉದ್ದವಾಗಿ, ಓರೆಯಾಗಿ ಏರುತ್ತದೆ, ಸಾಮಾನ್ಯವಾಗಿ 10–15 ಡಿಗ್ರಿ. ಗಾಳಿ ಮರಳನ್ನು ಒತ್ತಿ ಒತ್ತಿ ಅದನ್ನು ಗಟ್ಟಿ ಮಾಡಿರುತ್ತದೆ. ಇನ್ನೊಂದು ಗಾಳಿ ಮರೆಯ ಮೈ. ನೆತ್ತಿ ದಾಟಿ ಬಂದ ಮರಳು ಅಲ್ಲಿ ಸುಮ್ನೆ ಜಾರಿ ಬೀಳುತ್ತದೆ, 32–34 ಡಿಗ್ರಿ ಕಡಿದಾಗಿ ನಿಲ್ಲುತ್ತದೆ. ಮನೆ ಕಟ್ಟುವಾಗ ಲಾರಿಯವನು ಅಂಗಳದಲ್ಲಿ ಸುರಿದು ಹೋದ ಹೊಯಿಗೆ ರಾಶಿಯ ಬದಿ ನೆನಪಿಸಿಕೊಳ್ಳಿ, ಅದೇ ಓರೆ. ಅದರಲ್ಲಿ ಹತ್ತಲು ಹೋದರೆ ಒಂದು ಹೆಜ್ಜೆ ಮೇಲೆ, ಮುಕ್ಕಾಲು ಹೆಜ್ಜೆ ಕೆಳಗೆ.

ಗಾಳಿಯ ಕಡೆಯಿಂದ ಹತ್ತಿ, ಮರೆಯ ಕಡೆಗೆ ಇಳಿಯಿರಿ. ಎದುರಿಗೆ ಕಡಿದಾದ ಮೈ ಬಂದರೆ ಹತ್ತುವ ಹಠ ಬೇಡ, ಸಾಲಿನ ಬುಡ ಹಿಡಿದು ನಡೆದು ತಗ್ಗಾದ ಕುತ್ತಿಗೆಯಂಥ ಜಾಗ ಹುಡುಕಿ. ಅರ್ಧ ಕಿಲೋಮೀಟರ್ ಸುತ್ತಿದರೂ ನಷ್ಟವಿಲ್ಲ. ಹತ್ತುವಾಗ ನೇರ ಹೋಗದೆ ಓರೆಯಾಗಿ, ಹೆಜ್ಜೆ ಚಿಕ್ಕದಾಗಿ, ಪಾದ ಪೂರ್ತಿ ಊರಿ. ಮುಂಗಾಲಲ್ಲಿ ಒದ್ದರೆ ಹುಗಿಯುತ್ತದೆ. ಮುಂದಿನವರ ಹೆಜ್ಜೆಗುಂಡಿಯಲ್ಲೇ ಹಿಂದಿನವರು ಕಾಲಿಡಿ, ಮುಂದಿನವರು ಹತ್ತು ನಿಮಿಷಕ್ಕೊಮ್ಮೆ ಬದಲಾಗಿ. ಇಳಿಯುವಾಗ ಹಿಂದಕ್ಕೆ ವಾಲದೆ ಹಿಮ್ಮಡಿ ಊರಿ, ಉದ್ದ ಹೆಜ್ಜೆ ಹಾಕಿ. ಮಕ್ಕಳ ಹಾಗೆ ಖುಷಿಯಾಗುತ್ತದೆ. ಓಡಬೇಡಿ, ಬೆನ್ನಲ್ಲಿ ನೀರಿದೆ.

ಮರಳನ್ನು ಓದಲು ಕಲಿಯಬಹುದು. ಸಣ್ಣ ಸಣ್ಣ ಸುಕ್ಕಿನ ಗೆರೆಗಳು ಒತ್ತಾಗಿ ಇದ್ದರೆ ಅಲ್ಲಿ ಮರಳು ಹೆಚ್ಚಾಗಿ ಗಟ್ಟಿ. ಗೆರೆಯೇ ಇಲ್ಲದೆ ನುಣುಪಾಗಿ ಮಂಕಾಗಿ ಕಂಡರೆ ಸಡಿಲ, ಕಾಲು ಕಣಕಾಲಿನವರೆಗೆ ಹೋಗುತ್ತದೆ. ಬೆಳಿಗ್ಗೆ ಇಬ್ಬನಿ ಬಿದ್ದ ಮೇಲೆ ಮೇಲ್ಪದರ ಹಪ್ಪಳದಷ್ಟು ತೆಳ್ಳಗೆ ಗಟ್ಟಿಯಾಗಿರುತ್ತದೆ. ಆಗಲೇ ಜಾಸ್ತಿ ದೂರ ಮುಗಿಸಿ. ಸೂರ್ಯ ಹುಟ್ಟುವ ಮೊದಲೇ ಹೊರಟು ಹತ್ತೂವರೆವರೆಗೆ ನಡೆಯಿರಿ, ನಡುಹಗಲು ನೆರಳಲ್ಲಿ ಕೂರಿ, ಮೂರೂವರೆ ನಂತರ ಕತ್ತಲಾಗುವ ಮೊದಲು ಇನ್ನೊಂದಿಷ್ಟು. ಗಟ್ಟಿ ತಗ್ಗಿನಲ್ಲಿ ಗಂಟೆಗೆ ಮೂರು–ನಾಲ್ಕು ಕಿಲೋಮೀಟರ್, ದಿಬ್ಬಗಳ ಮೇಲೆ ಎರಡು ಬಂದರೆ ದೊಡ್ಡದು. ದಿನಕ್ಕೆ 12 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ.

ನಡುಹಗಲು ನಡೆಯಬಾರದು ಎನ್ನಲು ಬಿಸಿಲಲ್ಲದೆ ಇನ್ನೊಂದು ಕಾರಣವೂ ಇದೆ. ಸೂರ್ಯ ನೆತ್ತಿಗೆ ಬಂದಾಗ ನೆರಳಿಲ್ಲದೆ ಎಲ್ಲವೂ ಸಪಾಟಾಗಿ ಕಾಣುತ್ತದೆ. ಕಾಲ ಮುಂದಿನ ಹತ್ತು ಅಡಿಯ ಇಳಿಜಾರೂ ಕಣ್ಣಿಗೆ ಗೊತ್ತಾಗುವುದಿಲ್ಲ.

ಗಾಡಿಗಳ ಎಚ್ಚರವೂ ಬೇಕು. ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ದಿನ ಅಂಚಿನ ದಿಬ್ಬಗಳಲ್ಲಿ ಗಾಡಿಗಳು ನೆತ್ತಿಯಿಂದ ಹಾರಿ ಬರುತ್ತವೆ. ಆಚೆ ಬದಿಯಲ್ಲಿ ಯಾರಿದ್ದಾರೆ ಎಂದು ಓಡಿಸುವವರಿಗೆ ಕಾಣುವುದಿಲ್ಲ. ನೆತ್ತಿಯ ಕೆಳಗೆ ಮರೆಯಲ್ಲಿ ಕೂತು ವಿಶ್ರಾಂತಿ ಮಾಡಬೇಡಿ.

ಹಂತ 7: ದಿಕ್ಕು

ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಇಬ್ಬರ ಫೋನಿನಲ್ಲಿ ಇರಲಿ, ಒಂದು ಫೋನ್ ಸ್ವಿಚ್ ಆಫ್ ಮಾಡಿ ಚೀಲದಲ್ಲಿ ಇರಲಿ. ಹೊರಟ ಜಾಗ, ನೀರಿಟ್ಟ ಜಾಗ, ಗಾಡಿ ನಿಲ್ಲುವ ಜಾಗ, ಮೂರನ್ನೂ ಗುರುತು ಹಾಕಿ, ಅವುಗಳ ಅಕ್ಷಾಂಶ–ರೇಖಾಂಶದ ಅಂಕಿಗಳನ್ನು ಕಾಗದದಲ್ಲೂ ಬರೆಯಿರಿ. ಒಂದು ಸಾದಾ ದಿಕ್ಸೂಚಿ ಕೊರಳಲ್ಲಿರಲಿ. ಸಾಲುಗಳೇ ಉತ್ತರ–ದಕ್ಷಿಣ ಇರುವುದರಿಂದ ಪೂರ್ತಿ ದಿಕ್ಕು ತಪ್ಪುವುದು ಕಷ್ಟ. ತಪ್ಪುವುದು ಯಾವ ತಗ್ಗಿನಲ್ಲಿದ್ದೇವೆ ಎಂಬುದು. ಒಂದೊಂದು ಸಾಲು ದಾಟಿದಾಗಲೂ ಎಣಿಸಿ, ಬರೆದುಕೊಳ್ಳಿ.

ಹೆಜ್ಜೆ ಗುರುತು ಹಿಡಿದು ವಾಪಸ್ ಬರುತ್ತೇನೆ ಎಂದುಕೊಳ್ಳಬೇಡಿ. ಗಾಳಿ ಎದ್ದರೆ ಕೆಲವೇ ನಿಮಿಷದಲ್ಲಿ ಅಳಿಸಿಹೋಗುತ್ತದೆ.

ರಾತ್ರಿ ಧ್ರುವ ನಕ್ಷತ್ರ ನೋಡಿ ದಿಕ್ಕು ಖಾತ್ರಿ ಮಾಡಿಕೊಳ್ಳಬಹುದು. ಕಾಸರಗೋಡಿನಲ್ಲಿ ಅದು 12 ಡಿಗ್ರಿಯಷ್ಟೇ ಮೇಲಿರುತ್ತದೆ, ತೆಂಗಿನ ಮರ ದಾಟಿ ಕಾಣುವುದೇ ಇಲ್ಲ. ಅಲ್ಲಿ ಸುಮಾರು 22 ಡಿಗ್ರಿ ಎತ್ತರ, ಅಡ್ಡ ಏನೂ ಇಲ್ಲ.

ಹಂತ 8: ರಾತ್ರಿ

ನೆತ್ತಿಯ ಮೇಲೆ ಗಾಳಿ, ತೀರಾ ತಗ್ಗಿನಲ್ಲಿ ಚಳಿ. ಬುಡದಿಂದ ಸ್ವಲ್ಪ ಮೇಲೆ, ಗಾಡಿಯ ಜಾಡು ಇಲ್ಲದ ಕಡೆ ಮಲಗಿ. ಡೇರೆಯ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ಅಲುಗುವುದಿಲ್ಲ. ಬೆಳಿಗ್ಗೆ ಆ ಚೀಲ ಬಿಟ್ಟು ಬರಬೇಡಿ. ಸಮುದ್ರದ ಕಡೆಯಿಂದ ಮಂಜು ಬರುವುದರಿಂದ ಹಾಸಿಗೆ ಒದ್ದೆಯಾಗುತ್ತದೆ, ಮೇಲೆ ಏನಾದರೂ ಹೊದಿಸಿ.

ಚೇಳು ಇದೆ, ಮರಳಿನೊಳಗೆ ಹುದುಗಿ ಕಣ್ಣು ಮಾತ್ರ ಹೊರಗಿಡುವ ಮಂಡಲದ ಹಾವೂ ಇದೆ. ಕತ್ತಲಲ್ಲಿ ಬರಿಗಾಲು ಬೇಡ, ಟಾರ್ಚ್ ಇಲ್ಲದೆ ಗಿಡದ ಬುಡಕ್ಕೆ ಕೈ ಹಾಕುವುದು ಬೇಡ, ಶೂ ಕೊಡವಿ ಹಾಕಿಕೊಳ್ಳಿ.

ಅಂಚಿನಲ್ಲಿ ಕಾಣುವ ಗಾಫ್ ಮರ, ನಮ್ಮಲ್ಲಿ ವಿಜಯದಶಮಿಗೆ ಪೂಜಿಸುವ ಶಮಿಯೇ. ಅದರ ಒಣ ಕೊಂಬೆಯನ್ನೂ ಮುರಿದು ಬೆಂಕಿ ಹಾಕಬೇಡಿ. ಒಂಟೆಗಳಿಗೂ ಜನರಿಗೂ ಅಲ್ಲಿ ನೆರಳು ಎಂದರೆ ಅದೊಂದೇ. ಕಾಣುವ ಒಂಟೆಗಳಿಗೂ ಯಜಮಾನರಿದ್ದಾರೆ, ಬಾವಿಗಳಿಗೂ. ಕೇಳದೆ ನೀರು ಮುಟ್ಟಬೇಡಿ. ಯಾರಾದರೂ ಕಾಫಿಗೆ ಕರೆದರೆ ಹೋಗಿ, ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕೆಂದರೆ ಲೋಟ ಅಲುಗಾಡಿಸಿ ಕೊಡಬೇಕು, ಇಲ್ಲದಿದ್ದರೆ ತುಂಬಿಸುತ್ತಲೇ ಇರುತ್ತಾರೆ.

ಶೌಚಕ್ಕೆ ಹೋದಾಗ ಬಳಸಿದ ಕಾಗದ ಹೂಳಬೇಡಿ, ಗಾಳಿ ಅದನ್ನು ಹೊರಗೆಳೆಯುತ್ತದೆ. ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಹಂತ 9: ಏನಾದರೂ ಆದರೆ

ಮರಳುಗಾಳಿ ಎದ್ದರೆ ನಡಿಗೆ ನಿಲ್ಲಿಸಿ. ನೆತ್ತಿಯಿಂದ ಇಳಿದು, ಗಾಳಿಗೆ ಬೆನ್ನು ಹಾಕಿ, ಎಲ್ಲರೂ ಒತ್ತಾಗಿ ಕೂರಿ. ಮೂಗು, ಬಾಯಿಗೆ ಬೈರಾಸು ಕಟ್ಟಿ. ಯಾರನ್ನಾದರೂ ಹುಡುಕಲು ಒಬ್ಬರು ಎದ್ದು ಹೋಗುವುದು ಬೇಡ.

ದಾರಿ ತಪ್ಪಿದೆ ಎನಿಸಿದರೆ ಕೂತು ನೀರು ಕುಡಿದು, ಆಮೇಲೆ ನಕ್ಷೆ ನೋಡಿ. ಆಗಲೂ ತಿಳಿಯದಿದ್ದರೆ ಅಲ್ಲೇ ಇರಿ. ಹತ್ತಿರದ ಎತ್ತರದಲ್ಲಿ ಬಣ್ಣದ ಬಟ್ಟೆ ಹರಡಿ, ಕನ್ನಡಿಯಲ್ಲಿ ಬಿಸಿಲು ಹೊಳೆಯಿಸಿ. ಮೂರನೇ ಪಾಲಿನ ನೀರು ಇದಕ್ಕೇ ಇರುವುದು.

ಜೊತೆಯವರು ತಡವರಿಸಿ ಮಾತಾಡಿದರೆ, ಹೇಳಿದ್ದು ಅರ್ಥವಾಗದಂತಿದ್ದರೆ, ತೂರಾಡಿದರೆ ಅದು ಬಿಸಿಲಿನ ಆಘಾತ ಎಂದೇ ತಿಳಿಯಿರಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ನೆರಳು ಮಾಡಿ, ಬಟ್ಟೆ ಸಡಿಲಿಸಿ, ಮೈ ಪೂರ್ತಿ ಒದ್ದೆ ಮಾಡಿ, ಬೀಸಿ. ಒಣ ಗಾಳಿಯಲ್ಲಿ ಒದ್ದೆ ಬೈರಾಸು ಬೇಗ ತಂಪು ಮಾಡುತ್ತದೆ. ಕುಡಿಯುವ ನೀರು ಎಂದು ಹಿಂಜರಿಯಬೇಡಿ, ಸುರಿಯಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಅದೇ ಹೊತ್ತಿಗೆ ಗುಂಪಿನ ಇನ್ನೊಬ್ಬರು ಮಾರ್ಗದರ್ಶಿಯ ಮೂಲಕ ಗಾಡಿ ಕರೆಸಬೇಕು.

ಸುಖವಾಗಿ ಹೊರಬಂದವರು ಮೊದಲು ಭಾವನಿಗೆ ಫೋನ್ ಮಾಡಿ, ಸ್ನಾನ, ಊಟ, ಫೋಟೋ ಎಲ್ಲ ಆಮೇಲೆ. ನೀವು ಮರೆತು ಬಿದಿಯಾದ ಹೋಟೆಲಿನಲ್ಲಿ ಬಿರಿಯಾನಿಗೆ ಕೂತಿದ್ದರೆ ಅವರು ಅಷ್ಟರಲ್ಲಿ 9999ಕ್ಕೆ ಕರೆ ಮಾಡಿರುತ್ತಾರೆ.